ಹೂವಿನ ಕೆಳಗೆ ಇಲ್ಲ ಎನ್ನದ ಊರು

ಬಹಳ ಬಹಳ ಹಿಂದೆ, ಮರಗಳಿಗೆ ಇನ್ನೂ ನಡೆಯಲು ಬರುತ್ತಿದ್ದ ಕಾಲದಲ್ಲಿ, ನನೆಯೂರು ಎಂಬ ಒಂದು ರಾಜ್ಯವಿತ್ತು. ನನೆ ಎಂದರೆ ಮೊಗ್ಗು. ಆ ರಾಜ್ಯಕ್ಕೆ ಕೋಟೆ ಇರಲಿಲ್ಲ. ಸೈನ್ಯ ಇದ್ದೂ ಇಲ್ಲದಂತಿತ್ತು. ಆನೆಯೊಂದಿತ್ತು, ಅದಕ್ಕೂ ವಯಸ್ಸಾಗಿತ್ತು. ಆದರೆ ಹಣ್ಣಿನ ಮರಗಳಿದ್ದವು. ಅರಮನೆಯ ಅಂಗಳದಿಂದ ಹಿಡಿದು ಅಗಸರ ಬಂಡೆಯವರೆಗೆ ಎಲ್ಲಿ ನೋಡಿದರೂ ಹಣ್ಣಿನ ಮರಗಳೇ. ಜನ ಹಣ್ಣು ತಿಂದು, ಒಂದಷ್ಟು ಒಣಗಿಸಿಟ್ಟು, ಮಿಕ್ಕದ್ದನ್ನು ಪಕ್ಕದ ರಾಜ್ಯಕ್ಕೆ ಕೊಟ್ಟು ರಾಗಿ ತಂದು ಸುಖವಾಗಿದ್ದರು.

ಶಿವರಾತ್ರಿ ಕಳೆದು ಚಳಿ ಹಿಂದೆ ಸರಿಯಿತೆಂದರೆ ಸಾಕು, ಆ ಮರಗಳೆಲ್ಲ ಹೂ ಬಿಡುತ್ತಿದ್ದವು. ಏನು ಹೇಳಲಿ ಆ ಚಂದವನ್ನು! ಒಂದೊಂದು ಮರಕ್ಕೆ ಒಂದೊಂದು ಬಗೆ. ಮಾವು ಎಲೆಯೇ ಕಾಣದ ಹಾಗೆ ಗೊಂಚಲು ಗೊಂಚಲು ಹೂ ಹೊತ್ತು ನಿಲ್ಲುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಒಂದೊಂದು ಹೂವೂ ಸಾಸಿವೆಗಿಂತ ತುಸು ದೊಡ್ಡದು, ಅಷ್ಟರಲ್ಲೇ ಐದು ಎಸಳು, ಎಸಳಿನ ಮೇಲೆ ಹಳದಿ ಗೆರೆ. ನೇರಳೆಯ ಹೂ ಅರಳಿದರೆ ಬರೀ ಕೇಸರ, ಎಳೆ ಎಳೆಯಾಗಿ ಬಿಳಿ. ದಾಳಿಂಬೆಯ ಹೂವಿಗೆ ಹೊರಗೆ ತೊಗಲಿನಂಥ ದಪ್ಪ ಸಿಪ್ಪೆ, ಒಳಗೆ ಸುಕ್ಕು ಸುಕ್ಕಾದ ಕೆಂಪು ಎಸಳು, ಈಗತಾನೆ ಪೆಟ್ಟಿಗೆಯಿಂದ ತೆಗೆದ ರೇಷ್ಮೆ ಸೀರೆಯ ಹಾಗೆ. ನಿಂಬೆಯ ಜಾತಿಯ ಮಾದಲದ ಮೊಗ್ಗು ನಸು ನೇರಳೆ, ಬಿರಿದ ಮೇಲೆ ಅಚ್ಚ ಬಿಳಿ. ಸೀಬೆ ಹೂವಿನ ನಡುವೆ ಒಂದು ಕುಚ್ಚು. ಇನ್ನು ಹುಣಸೆ! ಎಲ್ಲರೂ ಹುಳಿಯನ್ನು ಹೊಗಳುತ್ತಾರೆ, ಹೂವನ್ನು ತಲೆಯೆತ್ತಿ ನೋಡುವವರೇ ಕಡಿಮೆ. ಹಳದಿಯ ಮೇಲೆ ಎಳೆದ ಆ ಕೆಂಪು ಗೆರೆಗಳಷ್ಟು ಸಣ್ಣ ಗೆರೆಯನ್ನು ಯಾವ ನೇಕಾರನೂ ನೇಯಲಾರ.

ನನೆಯೂರಿನವರಿಗೆ ಈ ಹೂಗಳೆಂದರೆ ಪ್ರಾಣ. ಅದಕ್ಕೇ ಅವರಲ್ಲಿ ಒಂದು ಕಟ್ಟಳೆ ಇತ್ತು. ಹೂ ಬಿಟ್ಟ ಮರದ ಕೆಳಗೆ ನಿಂತು ಯಾರೂ ಇಲ್ಲ ಎನ್ನಬಾರದು. ಆಗದು ಎನ್ನಬಾರದು, ಕೊಡುವುದಿಲ್ಲ ಎನ್ನಬಾರದು. ಅಂಥ ಮಾತು ಕೇಳಿದರೆ ಹೂವಿಗೆ ಎದೆಯೊಡೆದು ಉದುರಿಬಿಡುತ್ತದೆ ಎಂದು ಅವರ ನಂಬಿಕೆ.

ಇದರಿಂದ ಆಗುತ್ತಿದ್ದ ಫಜೀತಿ ಒಂದೆರಡಲ್ಲ. ಮಕ್ಕಳು ಬೆಲ್ಲ ಬೇಕಾದಾಗ ಅಮ್ಮನ ಸೆರಗು ಹಿಡಿದು ಮಾವಿನ ಮರದ ಕೆಳಗೆ ಎಳೆದುಕೊಂಡು ಹೋಗುತ್ತಿದ್ದರು. ಅಳಿಯಂದಿರು ಸರಿಯಾಗಿ ಹೂವಿನ ಕಾಲಕ್ಕೇ ಮಾವನ ಮನೆಗೆ ಬರುತ್ತಿದ್ದರು. ರಾಜ ಹರಿಯಣ್ಣರಾಯನಂತೂ ಆ ಒಂದು ತಿಂಗಳು ಅರಮನೆಯ ಕಿಟಕಿ ಬಾಗಿಲು ಹಾಕಿಕೊಂಡು ಒಳಗೇ ಕುಳಿತಿರುತ್ತಿದ್ದ. ಆದರೂ ಯಾರೂ ಕಟ್ಟಳೆ ಮುರಿಯುತ್ತಿರಲಿಲ್ಲ.

ಆ ಊರಿನಲ್ಲಿ ತಿಮ್ಮಾಜಿ ಎಂಬ ಹುಡುಗಿ ಇದ್ದಳು. ಇಪ್ಪತ್ತು ವರ್ಷ, ಗಟ್ಟಿ ಮೈಕಟ್ಟು, ಮೆತ್ತನೆಯ ಮನಸ್ಸು. ಅಪ್ಪ ಅಮ್ಮ ತೀರಿಕೊಂಡಿದ್ದರು, ಅಜ್ಜಿ ದೇವೀರವ್ವ ಸಾಕಿದ್ದಳು. ತಿಮ್ಮಾಜಿಗೆ ಅಪ್ಪನಿಂದ ಬಂದ ಕೆಲಸ ಹೂಗಾವಲು. ಮೊಗ್ಗು ಕಂಡ ದಿನದಿಂದ ಕಾಯಿ ಕಚ್ಚುವ ದಿನದವರೆಗೆ ರಾಜ್ಯದ ಮರಗಳೆಲ್ಲ ಅವಳ ಸುಪರ್ದಿಗೆ. ಮುಂಜಾನೆ ಮಂಜು ಇಳಿದರೆ ಒಣಸೊಪ್ಪು ಸೇರಿಸಿ ಹೊಗೆ ಹಾಕುವಳು. ಕೋತಿ ಬಂದರೆ ಕವಣೆ ಬೀಸುವಳು. ಬಿದ್ದದ್ದನ್ನು ಗುಡಿಸಿ ಬುಡಕ್ಕೆ ಹಾಕುವಳು. ಗುಡಿಸುವಾಗೆಲ್ಲ, "ಯಾವ ಪಾಪಿ ಇಲ್ಲಿ ನಿಂತು ಆ ಮಾತು ಅಂದನೋ, ಇಷ್ಟೊಂದು ಉದುರಿಬಿಟ್ಟಿದೆ" ಎಂದು ಕಣ್ಣಲ್ಲಿ ನೀರು ತಂದುಕೊಳ್ಳುವಳು.

ಒಂದು ವರ್ಷ, ಯುಗಾದಿಗೆ ಇನ್ನು ಒಂಬತ್ತು ದಿನ ಇದೆ ಎನ್ನುವಾಗ, ಒಬ್ಬ ಮುದುಕ ಕೋಲೂರಿಕೊಂಡು ಬಂದು ಊರ ಮುಂದಿನ ಮಾವಿನ ಮರದ ಕೆಳಗೆ ಕುಳಿತ.

"ಕುಡಿಯೋಕೆ ಒಂದಿಷ್ಟು ನೀರು ಕೊಡ್ತೀಯಾ ತಾಯಿ?" ಎಂದ.

"ಕೊಡ್ತೀನಿ ತಾತ" ಎಂದು ತಿಮ್ಮಾಜಿ ನೀರು ಕೊಟ್ಟಳು.

"ಹೊಟ್ಟೆಗೆ ಏನಾದರೂ ಕೊಡ್ತೀಯಾ ತಾಯಿ?"

"ಕೊಡ್ತೀನಿ ತಾತ" ಎಂದು ತನ್ನ ಬುತ್ತಿಯನ್ನೇ ಬಿಚ್ಚಿ ಕೊಟ್ಟಳು.

ಮುದುಕ ಉಂಡು ಕೈ ತೊಳೆದ. ತಲೆ ಎತ್ತಿ ನೋಡಿದ. "ಈ ಹೂವು ನನಗೆ ಕೊಡ್ತೀಯಾ ತಾಯಿ?" ಎಂದ.

"ಯಾವ ಹೂವು ತಾತ?"

"ನನ್ನ ಕಣ್ಣಿಗೆ ಕಾಣೋ ಹೂವು."

ಮುದುಕನ ಕಣ್ಣಿಗೆ ಪೊರೆ ಬಂದಂತಿತ್ತು. ಪಾಪ, ಮೂಗಿನ ಮುಂದಿನ ಒಂದು ಗೊಂಚಲು ಕಂಡರೆ ಹೆಚ್ಚು ಎಂದುಕೊಂಡಳು ತಿಮ್ಮಾಜಿ. ಅದೂ ಅಲ್ಲದೆ ಮರದ ಕೆಳಗೆ ಇಲ್ಲ ಎನ್ನುವುದು ಹೇಗೆ? "ತಗೊಳ್ಳಿ ತಾತ, ನಿಮ್ಮದೇ" ಎಂದುಬಿಟ್ಟಳು.

ಮುದುಕ ಎದ್ದು ನಿಂತ. ಬೆನ್ನು ನೆಟ್ಟಗಾಯಿತು, ನರೆಗೂದಲು ಕಪ್ಪಾಯಿತು, ಕಣ್ಣಿನ ಪೊರೆ ಕಳಚಿ ಬಿತ್ತು. ಅವನು ಕಲ್ಲೋಜ ಎಂಬ ಮಾಯಗಾರ. ಅವನ ಕಣ್ಣಿಗೆ ಒಂದೇ ನೋಟಕ್ಕೆ ಇಡೀ ರಾಜ್ಯ ಕಾಣುತ್ತಿತ್ತು. ಅವನು ಬೆರಳು ಚಿಟಿಕೆ ಹೊಡೆದು ಬಡಗಣ ದಿಕ್ಕಿಗೆ ಹೊರಟ. ಹೂಗಳು ಅವನ ಹಿಂದೆ ಹೊರಟವು. ಹೂವನ್ನು ಬಿಟ್ಟಿರಲಾರದೆ ಮರಗಳೂ ಬೇರು ಕಿತ್ತುಕೊಂಡು ಹೊರಟವು.

ಆ ಮೆರವಣಿಗೆಯನ್ನು ನೋಡಿದವರು ಸಾಯುವವರೆಗೂ ಮರೆಯಲಿಲ್ಲ. ಮುಂದೆ ಮಾವಿನ ಮರಗಳು ಗಂಭೀರವಾಗಿ ಹೆಜ್ಜೆ ಹಾಕಿದವು. ಅವುಗಳ ಹಿಂದೆ ನೇರಳೆ, ಹುಣಸೆ. ದಾಳಿಂಬೆ ಗಿಡಗಳು ನಡುವೆ ನುಸುಳಿಕೊಂಡು ಓಡಿದವು. ಎಲ್ಲಕ್ಕಿಂತ ಹಿಂದೆ ಹಲಸು ಏದುಸಿರು ಬಿಡುತ್ತ ಹೋಯಿತು. ಗಳಿಗೆಯೊಳಗೆ ನನೆಯೂರಿನಲ್ಲಿ ಮರಗಳಿದ್ದ ಕಡೆಯೆಲ್ಲ ಬರೀ ಗುಂಡಿಗಳು ಉಳಿದವು.

ರಾಜ ಕಿಟಕಿ ತೆರೆದು ನೋಡಿ ಅಲ್ಲೇ ಕುಸಿದು ಕುಳಿತ. ಜನ ಗುಂಡಿಗಳ ಅಂಚಿನಲ್ಲಿ ನಿಂತು ಒಳಗೆ ಇಣುಕಿದರು. ತಿಮ್ಮಾಜಿ ಎಲ್ಲರ ಮುಂದೆ ನಡೆದದ್ದನ್ನು ಹೇಳಿ, "ನನ್ನ ಬಾಯಾರೆ ಕೊಟ್ಟುಬಿಟ್ಟೆ ಬುದ್ಧಿ, ನನಗೆ ಏನು ಶಿಕ್ಷೆ ಬೇಕಾದರೂ ಕೊಡಿ" ಎಂದು ರಾಜನ ಕಾಲಿಗೆ ಬಿದ್ದಳು.

"ನೀನೇನು ಮಾಡೀಯ ಮಗಳೇ, ಹೂವಿನ ಕೆಳಗೆ ಕೇಳಿದ್ದಾನೆ" ಎಂದ ರಾಜ.

"ನಾವಾಗಿದ್ದರೂ ಕೊಡ್ತಿದ್ದೆವು" ಎಂದರು ಜನ.

ಯಾರಾದರೂ ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಯಾರೂ ಬೈಯಲಿಲ್ಲ. ಅವಳಿಗೆ ತುತ್ತು ಇಳಿಯಲಿಲ್ಲ.

ಅಜ್ಜಿ ದೇವೀರವ್ವ ಅವಳ ಪಕ್ಕದಲ್ಲಿ ಬಂದು ಕುಳಿತಳು. "ಅಳೋದನ್ನ ಆಮೇಲೆ ಅಳು. ಒಂದು ಸಲ ಬೇರು ಕಿತ್ತುಕೊಂಡು ಹೊರಟ ಮರ ಯುಗಾದಿ ಬೆಳಗ್ಗೆ ಸೂರ್ಯ ಮೂಡೋವಾಗ ಎಲ್ಲಿ ನಿಂತಿರುತ್ತೋ ಅಲ್ಲೇ ಬೇರು ಬಿಡುತ್ತೆ. ಆಮೇಲೆ ಅದು ಯಾವತ್ತೂ ನಡೆಯೋದಿಲ್ಲ. ನಿನಗಿರೋದು ಒಂಬತ್ತೇ ದಿನ. ಏಳು" ಎಂದಳು.

"ನಾನು ಹೋಗಿ ಏನು ಮಾಡಲಿ ಅಜ್ಜಿ? ನನಗೆ ಮಂತ್ರ ಬರೋದಿಲ್ಲ, ಕತ್ತಿ ಹಿಡಿಯೋಕೆ ಬರೋದಿಲ್ಲ."

"ಹೂವು ಗೊತ್ತಲ್ಲ ನಿನಗೆ? ಅಷ್ಟು ಸಾಕು, ಹೋಗು. ಕೊಟ್ಟವಳು ನೀನು, ತರೋಳೂ ನೀನೇ."

ತಿಮ್ಮಾಜಿ ಹೊರಟಳು. ದಾರಿ ಹುಡುಕುವ ಕಷ್ಟವೇ ಇರಲಿಲ್ಲ. ಬೇರಿನಿಂದ ಉದುರಿದ ಮಣ್ಣು ಬಡಗಣಕ್ಕೆ ಉದ್ದಕ್ಕೂ ಬಿದ್ದಿತ್ತು. ಹೂವಿಲ್ಲದೆ ಹಸಿದ ನನೆಯೂರಿನ ಜೇನುಹುಳುಗಳೆಲ್ಲ ಅವಳ ತಲೆಯ ಮೇಲೆ ಕೊಡೆ ಹಿಡಿದ ಹಾಗೆ ಗುಂಯ್‌ಗುಡುತ್ತ ಜೊತೆಗೆ ಬಂದವು. ಐದು ದಿನ ನಡೆದ ಮೇಲೆ ಕಲ್ಲೋಜನ ಕೋಟೆ ಕಂಡಿತು. ಮುಗಿಲು ಮುಟ್ಟುವ ಮೂರು ಸುತ್ತಿನ ಗೋಡೆ. ಆ ಗೋಡೆಯ ಮೇಲಿಂದ ಹಕ್ಕಿ ಹಾರುವಂತಿಲ್ಲ, ಹುಳ ಹಾರುವಂತಿಲ್ಲ, ಗಾಳಿಯೂ ದಾಟುವಂತಿಲ್ಲ. ಒಂದೊಂದು ಸುತ್ತಿಗೆ ಒಂದೊಂದು ಬಾಗಿಲು.

ಮೊದಲನೆಯ ಬಾಗಿಲಿನಲ್ಲಿ ಹಿತ್ತಾಳೆಯ ಹುಲಿ ಕುಳಿತಿತ್ತು. ಅದರ ಎರಡು ಮುಂಗಾಲುಗಳಲ್ಲಿ ಎರಡು ದಾಳಿಂಬೆ ಹೂಗಳಿದ್ದವು.

"ನಿಲ್ಲು! ಈ ಎರಡರಲ್ಲಿ ಒಂದು ಹಣ್ಣಾಗುವ ಹೂವು, ಒಂದು ಬರೀ ಹೂವು. ಯಾವುದು ಯಾವುದೆಂದು ಹೇಳಿದರೆ ಬಾಗಿಲು ತೆಗೆಯುತ್ತೇನೆ. ತಪ್ಪಿದರೆ ನುಂಗುತ್ತೇನೆ" ಎಂದು ಗರ್ಜಿಸಿತು.

ಎರಡೂ ಹೂವು ಒಂದೇ ಕೆಂಪು, ಒಂದೇ ಎತ್ತರ. ತಿಮ್ಮಾಜಿ ಎಸಳು ನೋಡಲಿಲ್ಲ, ಬುಡ ನೋಡಿದಳು.

"ಹುಲಿರಾಯ, ಎಡಗಾಲಲ್ಲಿರೋದರ ಹೊಟ್ಟೆ ನೋಡು, ಪುಟ್ಟ ಗಡಿಗೆ ಹಾಗೆ ಉಬ್ಬಿದೆ. ಅದು ಹಣ್ಣಾಗೋದು. ಬಲಗಾಲಲ್ಲಿರೋದು ಬುಡದಲ್ಲಿ ಸಣ್ಣಗೆ, ಬಾಯಲ್ಲಿ ಅಗಲ, ಗಂಟೆ ಹಾಗೆ. ಅದು ಹಣ್ಣಾಗೋದಿಲ್ಲ. ಹಾಗಂತ ಅದನ್ನ ತಾತ್ಸಾರ ಮಾಡಬೇಡ. ಗಿಡದ ತುಂಬ ಈ ಗಂಟೆಗಳು ಕೆಂಪಗೆ ತೂಗಾಡ್ತಿದ್ದರೇನೇ ಜೇನು ದೂರದಿಂದ ನೋಡಿ ಬರೋದು. ಅದರ ಧೂಳು ತಗುಲಿದರೇನೇ ಗಡಿಗೆ ಹೂವು ಕಾಯಿ ಕಚ್ಚೋದು."

ಹುಲಿ ಎರಡು ಹೂವನ್ನೂ ತಿರುಗಿಸಿ ತಿರುಗಿಸಿ ನೋಡಿತು. "ನೂರು ವರ್ಷದಿಂದ ಈ ಪ್ರಶ್ನೆ ಕೇಳುತ್ತಿದ್ದೇನೆ. ಎಲ್ಲರೂ ಎಸಳು ಎಣಿಸಿ ಸತ್ತರು" ಎಂದು ಬಾಗಿಲು ತೆಗೆಯಿತು. ತಿಮ್ಮಾಜಿ ಒಳಗೆ ಹೋದಳು. ಅವಳ ಹಿಂದೆ ಜೇನು ಹೋಯಿತು, ಜೇನಿನ ಹಿಂದೆ ತಂಗಾಳಿ ಹೋಯಿತು.

ಎರಡನೆಯ ಬಾಗಿಲಿನಲ್ಲಿ ಒಂದು ಕುರುಡು ಕರಡಿ ಅಗುಳಿಗೆ ಬೆನ್ನು ಕೊಟ್ಟು ಕುಳಿತಿತ್ತು. ಅದರ ಪಕ್ಕದಲ್ಲಿ ಸೀತಾಫಲದ ಗಿಡವೊಂದು ಮುದುರಿ ನಿಂತಿತ್ತು. ಅದು ನನೆಯೂರಿನದೇ ಗಿಡ. ಕಲ್ಲೋಜನ ಕಣ್ಣಿಗೆ ಅದರ ಹೂವು ಕಂಡಿರಲಿಲ್ಲವಾದ್ದರಿಂದ ಅವನು ಅದನ್ನು ಕರೆದೇ ಇರಲಿಲ್ಲ. ಎಲ್ಲರೂ ಹೋಗುತ್ತಿದ್ದಾರೆಂದು ಅದೂ ಬಂದಿತ್ತು. ಒಳಗೆ ಬಿಟ್ಟಿರಲಿಲ್ಲ.

"ಮೊನ್ನೆ ಸಾವಿರಾರು ಹೂಮರಗಳು ನನ್ನ ಮುಂದೆ ಹಾದುಹೋದವಂತೆ. ನನಗೇನು ಬಂತು? ಎಲ್ಲ ಕಣ್ಣಿದ್ದವರಿಗೆ. ಕುರುಡನಿಗಾಗಿ ಬಿಡುವ ಹೂವೊಂದನ್ನು ತೋರಿಸು, ಬಾಗಿಲು ತೆಗೆಯುತ್ತೇನೆ. ಸುಳ್ಳು ಹೇಳಿದರೆ ಅಪ್ಪಿ ಹಿಸುಕುತ್ತೇನೆ" ಎಂದಿತು ಕರಡಿ.

"ಕರಡಿಯಣ್ಣ, ಸಂಜೆವರೆಗೆ ತಾಳ್ಕೊ" ಎಂದಳು ತಿಮ್ಮಾಜಿ. ಕರಡಿಯ ಕೈ ಹಿಡಿದು ಸೀತಾಫಲದ ಹತ್ತಿರ ಕೂರಿಸಿದಳು. ಅದರ ಬೆರಳನ್ನು ಎಲೆಯ ಕೆಳಗೆ ತಂದು ಮುಟ್ಟಿಸಿದಳು. "ಇದು ಅದರ ಹೂವು. ಎಲೆಯಷ್ಟೇ ಹಸಿರು, ತಲೆ ಕೆಳಗೆ ಮಾಡಿ ನೇತಾಡುತ್ತೆ. ದಪ್ಪಗೆ ಮೂರು ಎಸಳು. ಅರಳಿದರೂ ಅರೆಬರೆ. ಕಣ್ಣಿದ್ದವರು ಇದನ್ನ ನೋಡದೆ ಹೋಗ್ತಾರೆ."

ಹೊತ್ತು ಇಳಿಯಿತು. ತಂಪು ಹತ್ತಿತು. ಆಗ ಆ ಹಸಿರು ಹೂಗಳೊಳಗಿಂದ ಪರಿಮಳ ಬಂತು. ಕಳಿತ ಹಣ್ಣಿನ ಬುಟ್ಟಿಯನ್ನು ಬಿಚ್ಚಿದಂಥ, ಸಿಹಿಯಾದ, ಗಟ್ಟಿ ಪರಿಮಳ. ಸಾಸಿವೆ ಕಾಳಿನಷ್ಟು ಕರಿಹುಳುಗಳು ಎಲ್ಲಿಂದಲೋ ಬಂದು, ಕಣ್ಣಿಗೆ ಏನೂ ಕಾಣದ ಮಬ್ಬಿನಲ್ಲಿ, ಬರೀ ವಾಸನೆ ಹಿಡಿದು ಹೂವಿನೊಳಗೆ ನುಗ್ಗಿದವು. ಕರಡಿ ಮೂತಿ ಎತ್ತಿ ಮತ್ತೆ ಮತ್ತೆ ಉಸಿರೆಳೆದುಕೊಂಡಿತು. ಅದರ ಕುರುಡು ಕಣ್ಣುಗಳಿಂದ ನೀರು ಇಳಿಯಿತು. ತಿಮ್ಮಾಜಿಗೂ ಅಳು ಬಂತು. ಇಷ್ಟು ವರ್ಷ ಕಾವಲು ಕಾದರೂ ಆ ಗಿಡದ ಹತ್ತಿರ ಹೀಗೆ ಸಂಜೆಯವರೆಗೆ ಅವಳೂ ಕೂತಿರಲಿಲ್ಲ.

"ಹೋಗು ತಂಗಿ. ಈ ಗಿಡ ಬೆಳಗಾಗೋವರೆಗೆ ನನ್ನ ಜೊತೆ ಇರಲಿ" ಎಂದು ಕರಡಿ ಅಗುಳಿ ಸರಿಸಿತು.

ಬೆಳಗಾಗುವ ಹೊತ್ತಿಗೆ ಮೂರನೆಯ ಬಾಗಿಲಿಗೆ ಬಂದರೆ ಅಲ್ಲಿ ನನೆಯೂರಿನ ಹಿರಿಯ ಹಲಸಿನ ಮರ ಸಿಕ್ಕಿಹಾಕಿಕೊಂಡು ನಿಂತಿತ್ತು. ಮೈ ದಪ್ಪ, ಬಾಗಿಲು ಸಣ್ಣದು. ಅತ್ತಲೂ ಹೋಗಲಾರದು, ಇತ್ತಲೂ ಬರಲಾರದು. ಅದರ ಪಕ್ಕದಲ್ಲಿ ಕಲ್ಲಾನೆಯೊಂದು ಕಾವಲಿತ್ತು.

ಕಲ್ಲಾನೆ ನಿಧಾನವಾಗಿ ಮಾತಾಡಿತು. "ನನ್ನ ಒಡೆಯ ಎಲ್ಲ ಹೂಗಳ ಎಸಳು ಎಣಿಸಿ ಬರೆದಿಟ್ಟಿದ್ದಾನೆ. ಇದೊಂದೇ ಬಾಕಿ. ಹಲಸಿನ ಹೂವಿಗೆ ಎಸಳು ಎಷ್ಟು? ಈ ಮರದ ಕೆಳಗೆ ನಿಂತು ಹೇಳು. ನಿಜವಾದರೆ ದಾರಿ ಬಿಡುತ್ತೇನೆ. ಸುಳ್ಳಾದರೆ ಕಾಲಿಡುತ್ತೇನೆ."

ತಿಮ್ಮಾಜಿ ಒಂದು ಹೆಜ್ಜೆ ಹಿಂದೆ ಸರಿದಳು. ಸಾಯುವ ಭಯಕ್ಕಲ್ಲ. ಉತ್ತರ ಅವಳಿಗೆ ಗೊತ್ತಿತ್ತು. ಹಲಸಿನ ಹೂವಿಗೆ ಎಸಳೇ ಇಲ್ಲ. ಬೆರಳಿನಷ್ಟು ಉದ್ದದ ಹಸಿರು ದಿಂಡು, ಅದರ ಮೈಯೆಲ್ಲ ಒತ್ತೊತ್ತಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಹೂಗಳು. ಆದರೆ ಹೂ ಬಿಟ್ಟ ಮರದ ಕೆಳಗೆ ಆ ಮಾತು ಆಡುವುದು ಹೇಗೆ? ಅವಳಪ್ಪ ಆಡಿರಲಿಲ್ಲ, ಅಪ್ಪನ ಅಪ್ಪ ಆಡಿರಲಿಲ್ಲ. ಐದು ಎಂದುಬಿಡಲೇ ಎಂದುಕೊಂಡಳು. ಸಾವಿರ ಎನ್ನಲೇ ಎಂದುಕೊಂಡಳು. ತಲೆ ಎತ್ತಿ ಆ ದೊಡ್ಡ ಮರವನ್ನು ನೋಡಿದಳು. ಸುಳ್ಳು ಹೇಳಿ ಸತ್ತರೆ ಮರ ಹೀಗೇ ಬಾಗಿಲಲ್ಲಿ ಸಿಕ್ಕಿಕೊಂಡು ಉಳಿಯುತ್ತದೆ.

ಕಣ್ಣು ಮುಚ್ಚಿಕೊಂಡು ಹೇಳಿದಳು. "ಎಸಳು ಇಲ್ಲ."

ಮೇಲಿನಿಂದ ಪಟಪಟನೆ ಉದುರತೊಡಗಿತು. ಅವಳ ತಲೆಯ ಮೇಲೆ, ಹೆಗಲ ಮೇಲೆ, ಕಾಲ ಬಳಿ ಹೂದಿಂಡುಗಳು ಬಿದ್ದವು. "ಅಯ್ಯೋ, ಕೊಂದೆನಲ್ಲಪ್ಪಾ!" ಎಂದು ಅವಳು ಕುಸಿದು ಕುಳಿತು ಅವನ್ನು ಮಡಿಲಿಗೆ ಬಾಚಿಕೊಂಡಳು. ಬಾಚುತ್ತ ಬಾಚುತ್ತ ಅವಳ ಕೈ ನಿಂತಿತು. ಬಿದ್ದವೆಲ್ಲ ಒಂದೇ ಬಗೆಯವು, ಕೊಂಬೆಯ ತುದಿಯ ತೆಳ್ಳನೆಯ ದಿಂಡುಗಳು. ತಮ್ಮ ಧೂಳನ್ನೆಲ್ಲ ಗಾಳಿಗೂ ಹುಳಕ್ಕೂ ಕೊಟ್ಟು ಮುಗಿಸಿ ಕಪ್ಪಾಗಿದ್ದವು. ತಲೆ ಎತ್ತಿ ನೋಡಿದಳು. ಕಾಂಡಕ್ಕೆ ಅಂಟಿಕೊಂಡಿದ್ದ ದಪ್ಪ ದಿಂಡು ಒಂದೂ ಬಿದ್ದಿರಲಿಲ್ಲ. ಒಂದೊಂದರ ಮೈಮೇಲೂ ಎಳೆ ಮುಳ್ಳು ಮೂಡುತ್ತಿತ್ತು.

ಅಪ್ಪ ಗುಡಿಸಿದ್ದು, ತಾನು ಗುಡಿಸಿದ್ದು, ಅತ್ತಿದ್ದು, ಯಾರನ್ನೋ ಪಾಪಿ ಎಂದದ್ದು ಎಲ್ಲ ಅವಳಿಗೆ ನೆನಪಾಯಿತು. ಇಷ್ಟು ವರ್ಷ ಯಾರೂ ಏನೂ ಅಂದಿರಲೇ ಇಲ್ಲ. ಉದುರಬೇಕಾದ್ದು ಉದುರುತ್ತಿತ್ತು, ಅಷ್ಟೇ. ನನೆಯೂರಿನವರು ಹೂವನ್ನು ಅಷ್ಟೊಂದು ನೋಡಿದವರು, ಹೂ ಬಿದ್ದ ಗಳಿಗೆಯಲ್ಲಿ ಕೊಂಬೆಯ ಮೇಲೆ ಏನು ಉಳಿದಿದೆ ಎಂದು ನೋಡಿರಲಿಲ್ಲ. ಕಣ್ತುಂಬ ನೀರಿದ್ದರೆ ಯಾರಿಗೆ ಏನು ಕಂಡೀತು?

"ನಿಜ ಹೇಳಿದೆ" ಎಂದಿತು ಕಲ್ಲಾನೆ. ಸೊಂಡಿಲಿನಿಂದ ಬಾಗಿಲ ಚೌಕಟ್ಟನ್ನೇ ಕಿತ್ತು ಪಕ್ಕಕ್ಕಿಟ್ಟಿತು. ಹಲಸು ನಿಟ್ಟುಸಿರು ಬಿಟ್ಟು ಒಳಗೆ ನಡೆಯಿತು. ಅದರ ಪಕ್ಕದಲ್ಲಿ ತಿಮ್ಮಾಜಿ ನಡೆದಳು. ಜೇನು ಮುಂದೆ ಹಾರಿತು.

ಒಳಗಿನ ಆ ತೋಟವನ್ನು ಏನೆಂದು ಹೇಳಲಿ! ನನೆಯೂರಿನ ಮರಗಳೆಲ್ಲ ಸಾಲಾಗಿ ನಿಂತಿದ್ದವು. ಬಿಳಿ, ಕೆಂಪು, ನಸುಹಳದಿ, ಹಸಿರು, ಒಂದು ಎಸಳೂ ಮಾಸಿರಲಿಲ್ಲ, ಒಂದು ಎಸಳೂ ನೆಲದ ಮೇಲಿರಲಿಲ್ಲ. ಬಂದ ಕೆಲಸ ಮರೆತು ತಿಮ್ಮಾಜಿ ಸುಮ್ಮನೆ ನೋಡುತ್ತ ನಿಂತುಬಿಟ್ಟಳು. ಎರಡು ದಿನ ಹಾಗೇ ಮರದಿಂದ ಮರಕ್ಕೆ ಅಲೆದಳು. ಜೇನುಹುಳುಗಳಂತೂ ಹಸಿವು ತೀರುವಷ್ಟು ಹೂವಿನಿಂದ ಹೂವಿಗೆ ಹಾರಿದವು. ಕಲ್ಲೋಜ ಅವಳನ್ನು ತಡೆಯಲಿಲ್ಲ. ತನ್ನ ತೋಟ ನೋಡಿ ಬೆರಗಾಗುವವರು ಸಿಕ್ಕಿದ್ದು ಅವನಿಗೂ ಖುಷಿಯೇ.

ಯುಗಾದಿಗೆ ಒಂದು ದಿನ ಉಳಿದಾಗ, ಬೆಳಗಿನ ಹೊತ್ತು, ಅವನು ಮಾವಿನ ಮರದ ಕೆಳಗೆ ಅವಳೆದುರು ಬಂದು ನಿಂತ.

"ನೋಡಿದೆಯಾ ಹುಡುಗಿ? ಮುನ್ನೂರು ವರ್ಷದಿಂದ ನನ್ನ ಕಣ್ಣೆದುರು ಒಂದು ಹೂವೂ ಬಿದ್ದಿಲ್ಲ. ಬೀಳುವುದನ್ನು ನಾನು ತಾಳಲಾರೆ. ನಿಮ್ಮ ಊರಿನಲ್ಲಿ ಇವು ಹದಿನೈದು ದಿನ ಇದ್ದು ಮಣ್ಣಾಗುತ್ತಿದ್ದವು. ಇಲ್ಲಿ ಎಂದೆಂದಿಗೂ ಹೀಗೇ ಇರುತ್ತವೆ" ಎಂದ.

ಅವನ ದನಿಯಲ್ಲಿ ಸುಳ್ಳಿರಲಿಲ್ಲ. ಅವನಿಗೆ ಹೂವಿನ ಮೇಲೆ ನಿಜವಾಗಿಯೂ ಆಸೆಯಿತ್ತು. ಅದೇ ತೊಂದರೆ.

ಆಮೇಲೆ ಅವನು ನಕ್ಕು, ಹಳೆಯ ಮುದುಕನ ದನಿ ತೆಗೆದು ಕೇಳಿದ. "ಈ ಮರಗಳು ನನ್ನ ಹತ್ತಿರವೇ ಇರಲಿ. ಆಗಬಹುದಾ ತಾಯಿ?"

ಮಾವಿನ ಹೂ ಅವಳ ತಲೆಗೆ ತಾಗುವಷ್ಟು ಕೆಳಗೆ ಬಾಗಿತ್ತು. ಅವಳು ಹುಟ್ಟಿದಾಗಿನಿಂದ ಕಾದ ಹೂವು. ಅದು ಬೀಳುವುದನ್ನು ನೋಡಲು ಅವಳಿಗೂ ಮನಸ್ಸಿರಲಿಲ್ಲ.

"ಇಲ್ಲ" ಎಂದಳು ತಿಮ್ಮಾಜಿ.

ಮಾವಿನ ಮರಗಳು ಒಮ್ಮೆ ಮೈ ಕೊಡವಿದವು. ನುಚ್ಚಿನಂಥ ಹೂವು ಜರ್ರನೆ ಸುರಿಯಿತು.

ಕಲ್ಲೋಜನ ಮುಖ ಬಿಳಿಚಿಕೊಂಡಿತು. "ಏನಂದೆ? ಹೂವಿನ ಕೆಳಗೆ ನಿಂತು ಏನಂದೆ? ಅರ್ಧ ಮರಗಳಾದರೂ ಇರಲಿ!"

"ಇಲ್ಲ."

ನೇರಳೆಯ ಎಳೆಗಳು ಉದುರಿದವು. ಸೀಬೆಯ ಕುಚ್ಚುಗಳು, ಮಾದಲದ ದಪ್ಪ ಬಿಳಿ ಎಸಳುಗಳು ತಿರುಗುತ್ತ ತಿರುಗುತ್ತ ಬಿದ್ದವು.

"ಒಂದು ಮರ! ಒಂದೇ ಒಂದು ಮರ! ಅದಕ್ಕೂ ಬಾಯಿ ಬರುವುದಿಲ್ಲವೇ ನಿನಗೆ?"

"ಇಲ್ಲ, ಕೊಡೋದಿಲ್ಲ" ಎಂದಳು ತಿಮ್ಮಾಜಿ.

ಹುಣಸೆಯ ಗೆರೆಹೂಗಳು ಉದುರಿದವು. ದಾಳಿಂಬೆಯ ಗಂಟೆಗಳು ಕಳಚಿ ಬಿದ್ದವು, ಗಡಿಗೆಗಳ ಕೆಂಪು ಎಸಳು ಜಾರಿದವು. ನೆಲ ಮೊಣಕಾಲುದ್ದ ಹೂವಾಯಿತು. ಎಷ್ಟು ಚಂದವಿತ್ತೆಂದರೆ, ಕೊಂಬೆಯ ಮೇಲಿದ್ದಾಗಲೂ ಅಷ್ಟು ಚಂದವಿರಲಿಲ್ಲ.

ತಿಮ್ಮಾಜಿ ತಲೆ ಎತ್ತಿದಳು. ಜೇನು ಎರಡು ದಿನ ಹೂವಿನಿಂದ ಹೂವಿಗೆ ಹಾರಿದ್ದು ಸುಮ್ಮನೆ ಹೋಗಿರಲಿಲ್ಲ. ಮಾವಿನ ಬೋಳು ಗೊಂಚಲಿನ ತುದಿಯಲ್ಲಿ ಒಂದೊಂದು, ಎರಡೆರಡು, ಕಡಲೆಯಷ್ಟು ಹಸಿರು ಮಿಡಿ. ನೇರಳೆಯಲ್ಲಿ ಹಸಿರು ಮಣಿ. ದಾಳಿಂಬೆಯಲ್ಲಿ ಕಿರೀಟ ಹೊತ್ತ ಪುಟ್ಟ ಗಡಿಗೆ. ಹುಣಸೆಯಲ್ಲಿ ದಾರದಷ್ಟು ತೆಳ್ಳನೆಯ ಸೊಟ್ಟ ಕಾಯಿ.

"ಹೂವು ನನ್ನವು! ನೀನೇ ಬಾಯಾರೆ ಕೊಟ್ಟಿದ್ದೀಯ!" ಎಂದು ಕಲ್ಲೋಜ ಚೀರಿದ.

"ನಿಮ್ಮವೇ" ಎಂದಳು ತಿಮ್ಮಾಜಿ. "ಕೊಟ್ಟ ಮಾತಿಗೆ ತಪ್ಪೋಳಲ್ಲ ನಾನು. ಇಗೋ, ಎಲ್ಲ ಇಲ್ಲೇ ಬಿದ್ದಿವೆ, ಒಂದೂ ಬಿಡದ ಹಾಗೆ ಆರಿಸಿಕೊಳ್ಳಿ. ನೀವು ಹೂವು ಕೇಳಿದಿರಿ, ನಾನು ಹೂವು ಕೊಟ್ಟೆ. ಕಾಯಿ ಕೇಳಿರಲಿಲ್ಲವಲ್ಲ."

ಮರಗಳಿಗೆ ಇನ್ನು ಅಲ್ಲೇನು ಕೆಲಸ? ಅವು ಹೂವಿನ ಹಿಂದೆ ಬಂದಿದ್ದವು, ಈಗ ಹೂವಿನ ಋಣ ತೀರಿತ್ತು. ಬೇರೆತ್ತಿಕೊಂಡು ತೆಂಕಣಕ್ಕೆ ತಿರುಗಿದವು. ಕಲ್ಲೋಜ ಮೊಣಕಾಲೂರಿ ಹೂಗಳನ್ನು ಬಾಚಿ ಬಾಚಿ ರಾಶಿ ಹಾಕಿದ. ಮಂತ್ರದ ಮೇಲೆ ಮಂತ್ರ ಹೇಳಿದ. ಅವನಿಗೆ ಬರುತ್ತಿದ್ದುದೆಲ್ಲ ಹೂವನ್ನು ಕೊಂಬೆಯ ಮೇಲೆ ನಿಲ್ಲಿಸುವ ಮಂತ್ರ, ಬಿದ್ದ ಹೂವಿಗೆ ಮಂತ್ರವಿರಲಿಲ್ಲ. ಎಸಳುಗಳು ಅವನ ಕೈಯಲ್ಲೇ ಬಾಡಿದವು. ಕೊನೆಯ ಎಸಳು ಬಾಡಿದಾಗ ಕೋಟೆಯ ಮೂರು ಸುತ್ತಿನ ಗೋಡೆ ಮರಳಾಗಿ ಜಾರಿತು. ಹಿತ್ತಾಳೆಯ ಹುಲಿ ನಿಜವಾದ ಹುಲಿಯಾಗಿ ಮೈ ಮುರಿದು ಕಾಡಿಗೆ ಹೋಯಿತು. ಕಲ್ಲಾನೆ ಆನೆಯಾಗಿ ನೀರು ಹುಡುಕಿಕೊಂಡು ಹೋಯಿತು. ಕಲ್ಲೋಜ ಮಂತ್ರವೆಲ್ಲ ಮರೆತು, ನರೆತ ಬಡ ಮನುಷ್ಯನಾಗಿ, ಗಾಳಿಗೆ ಹಾರುವ ಎಸಳುಗಳ ಹಿಂದೆ ಓಡುತ್ತ ಓಡುತ್ತ ಕಣ್ಮರೆಯಾದ. ಕರಡಿ ಮಾತ್ರ ಕಾಡಿಗೆ ಹೋಗಲಿಲ್ಲ. ಸೀತಾಫಲದ ಗಿಡದ ಕೊಂಬೆ ಹಿಡಿದುಕೊಂಡು ನನೆಯೂರಿಗೇ ಬಂತು.

ಬರುವಾಗ ಐದು ದಿನದ ದಾರಿ. ಉಳಿದಿದ್ದು ಒಂದೇ ದಿನ. ಆದರೆ ಮನೆಗೆ ಹೋಗುವ ಮರದ ನಡಿಗೆಯನ್ನು ನೀವು ನೋಡಿಲ್ಲ. ಮಾವಿನ ಮರವೊಂದು ತಿಮ್ಮಾಜಿಯನ್ನು ಕೊಂಬೆಯ ಮೇಲೆ ಕೂರಿಸಿಕೊಂಡು ಓಡಿತು. ದಾಳಿಂಬೆ ಗಿಡಗಳು ಬೇಲಿ ಹಾರಿದವು. ಹಲಸು ಕೂಡ ಆವತ್ತು ಹಿಂದೆ ಬೀಳಲಿಲ್ಲ. ಯುಗಾದಿಯ ಬೆಳಗ್ಗೆ ಸೂರ್ಯನ ಕೆಂಪು ಮೂಡುವ ಹೊತ್ತಿಗೆ ಎಲ್ಲ ಮರಗಳೂ ತಂತಮ್ಮ ಗುಂಡಿಗೆ ಇಳಿದು ನಿಂತವು. ಗಡಿಬಿಡಿಯಲ್ಲಿ ಒಂದು ಹುಣಸೆ ಮರ ಮಾತ್ರ ಪುರೋಹಿತರ ಮನೆಯ ಸೀಬೆಯ ಗುಂಡಿಗೆ ಇಳಿದುಬಿಟ್ಟಿತು. ಅಷ್ಟರಲ್ಲಿ ಸೂರ್ಯ ಮೂಡಿದ. ಪುರೋಹಿತರ ಮನೆಯ ಸಾರು ಅವತ್ತಿನಿಂದ ತುಸು ಹುಳಿ ಮುಂದೆ.

ಜನ ಹಸಿರು ಮಿಡಿಗಳನ್ನು ನೋಡಿ ನೋಡಿ ಕುಣಿದಾಡಿದರು. ಅಜ್ಜಿ ದೇವೀರವ್ವ ಮೊಮ್ಮಗಳ ಮುಖ ಹಿಡಿದು ನೋಡಿ, "ಊಟ ಮಾಡಿದೆಯಾ?" ಎಂದಳು. "ಇಲ್ಲ ಅಜ್ಜಿ" ಎಂದಳು ತಿಮ್ಮಾಜಿ. ಸುತ್ತಲಿದ್ದವರು ಬೆಚ್ಚಿ ಮೇಲೆ ನೋಡಿದರು. ಒಂದು ಮಿಡಿಯೂ ಬೀಳಲಿಲ್ಲ.

ಆ ವರ್ಷ ನನೆಯೂರಿನಲ್ಲಿ ಕಂಡು ಕೇಳದಷ್ಟು ಹಣ್ಣಾಯಿತು. ಮತ್ತೆ ಶಿವರಾತ್ರಿ ಕಳೆಯಿತು, ಮತ್ತೆ ಹೂ ಬಿಟ್ಟಿತು. ಈ ಸಲ ರಾಜ ಹರಿಯಣ್ಣರಾಯ ಕಿಟಕಿ ಬಾಗಿಲೆಲ್ಲ ತೆಗೆಸಿ, ಊರ ಮುಂದಿನ ಮಾವಿನ ಮರದ ಕೆಳಗೇ ಸಭೆ ಸೇರಿಸಿದ. ಪಕ್ಕದಲ್ಲಿ ರಾಜಕುಮಾರನನ್ನು ನಿಲ್ಲಿಸಿಕೊಂಡಿದ್ದ. ಒಳ್ಳೆಯ ಹುಡುಗ, ಮಾತು ಕಡಿಮೆ, ಮಧ್ಯಾಹ್ನ ನಿದ್ದೆ ಹೆಚ್ಚು.

"ಮಗಳೇ ತಿಮ್ಮಾಜಿ, ಇಂಥ ಕತೆಗಳಲ್ಲಿ ಕೊನೆಗೆ ಏನಾಗುತ್ತದೆಂದು ನಿನಗೂ ಗೊತ್ತು, ನನಗೂ ಗೊತ್ತು. ಅರ್ಧ ರಾಜ್ಯ ಕೊಡುತ್ತೇನೆ. ನನ್ನ ಸೊಸೆಯಾಗಿ ಬರುತ್ತೀಯಾ?" ಎಂದ ರಾಜ.

ಮರದ ತುಂಬ ಹೂವು. ಮರದ ಕೆಳಗೆ ಇಡೀ ಊರು. ಎಲ್ಲರೂ ಒಮ್ಮೆ ಹೂವನ್ನು, ಒಮ್ಮೆ ಅವಳನ್ನು ನೋಡಿದರು. ಹಳೆಯ ನನೆಯೂರಾಗಿದ್ದರೆ ಅವಳಿಗೆ ಬೇರೆ ದಾರಿಯೇ ಇರುತ್ತಿರಲಿಲ್ಲ.

ತಿಮ್ಮಾಜಿ ಕೈ ಮುಗಿದಳು. "ಇಲ್ಲ ಬುದ್ಧಿ. ನನಗೆ ಹೂಗಾವಲೇ ಇರಲಿ" ಎಂದಳು.

ಒಂದು ಗಾಳಿ ಬೀಸಿತು. ಒಂದು ಹಿಡಿ ಮಾವಿನ ಹೂವು ಉದುರಿ ರಾಜನ ಪೇಟದ ಮೇಲೆ ಬಿತ್ತು. ಮೊದಲು ರಾಜಕುಮಾರ ನಕ್ಕ, ಅವನಿಗೂ ನಿರಾಳವಾಗಿತ್ತು. ಆಮೇಲೆ ರಾಜ ನಕ್ಕ. ಆಮೇಲೆ ಇಡೀ ನನೆಯೂರು ಆ ಹೂವಿನ ಕೆಳಗೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವರ ಹೊಟ್ಟೆ ತುಂಬಿತ್ತು, ಮನಸ್ಸು ಹಗುರಾಗಿತ್ತು. ನಮ್ಮದೂ ಹಾಗೇ ಇರಲಿ.